ಬನದ ದೇವರಿಗೆ ಸೂರು ಬೇಡ ಸ್ವಾಮಿ: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ. ನಾನು ಸಿದ್ದಾಪುರ, ಸೊರಬದ ಸೀಮೆಯವನು. ನಮ್ಮೂರಿನ ತಗ್ಗಿನಲ್ಲಿ ಒಂದು ಚೌಡಿ ಬನ ಇದೆ, ಊರ ದೇವತೆ ಚೌಡಿಗೆ ಬಿಟ್ಟ ಕಾಡು. ಎರಡು ಎಕರೆ ಇದ್ದೀತು. ಅಲ್ಲಿ ಏನಾಯಿತು ಅಂತ ಮೊದಲು ಹೇಳುತ್ತೇನೆ. ಕೇಳಬೇಕಾದ್ದನ್ನು ಆಮೇಲೆ ಕೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಬನದ ಅಂಚಿಗೆ ಬಂದ ಕೂಡಲೇ ಚಪ್ಪಲಿ ಬಿಡಬೇಕಿತ್ತು. ಗೇಟು ಇರಲಿಲ್ಲ, ಬೋರ್ಡು ಇರಲಿಲ್ಲ. ಒಂದು ದೊಡ್ಡ ಮಾವಿನ ಮರ ಇತ್ತು, ಅದರಿಂದಾಚೆ ಬರಿಗಾಲು. ಏಪ್ರಿಲ್ ಬಿಸಿಲಲ್ಲೂ ಒಳಗಿನ ನೆಲ ತಣ್ಣಗಿರುತ್ತಿತ್ತು. ಕಾಲಿಟ್ಟಲ್ಲಿ ದರಕು, ಅಂದರೆ ಉದುರಿದ ಎಲೆ, ಮೆತ್ತಗೆ ಕುಸಿಯುತ್ತಿತ್ತು. ಕೈಯಿಂದ ಸರಿಸಿದರೆ ಮೇಲಿನ ಎಲೆ ಗರಿಗರಿ, ಅದರಡಿ ಇದ್ದದ್ದು ಒದ್ದೆ, ಇನ್ನೂ ಕೆಳಗೆ ಕಪ್ಪು ಮಣ್ಣು. ಆ ಮಣ್ಣಿನಲ್ಲಿ ಬಿಳಿ ನೂಲಿನಂಥ ಎಳೆಗಳು ಹರಡಿಕೊಂಡಿದ್ದವು. ನಡುವೆ ಚೌಡಿ. ಚೌಡಿ ಅಂದರೆ ಕುಂಕುಮ ಹಚ್ಚಿದ ಮೂರು ಕಲ್ಲು, ಅಷ್ಟೇ. ಹಿಂದುಗಡೆ ಒಂದು ಒರತೆ. ಅದಕ್ಕೆ ಅಡಿಕೆ ಮರ ಸೀಳಿದ ದಂಬೆ ಕೊಟ್ಟು ಕೆಳಗಿನ ಕೇರಿಗೆ ನೀರು ತಂದಿದ್ದರು. ಮಳೆ ಬರುವ ತನಕ ಆ ನೀರು ನಿಲ್ಲುತ್ತಿರಲಿಲ್ಲ.

ನಮ್ಮಜ್ಜಿ ಬನದಿಂದ ಒಂದು ಒಣ ಕಡ್ಡಿಯನ್ನೂ ತರಲು ಬಿಡುತ್ತಿರಲಿಲ್ಲ. ಗಾಳಿಗೆ ಬಿದ್ದ ಮರ ಕೂಡ ಅಲ್ಲೇ ಕೊಳೆಯಬೇಕು. "ಅದು ಅಮ್ಮನದ್ದು" ಅಂದರೆ ಮುಗಿಯಿತು, ಮುಂದೆ ಮಾತಿಲ್ಲ.

ಕೆಲವು ವರ್ಷಗಳ ಹಿಂದೆ ಊರಿನವರಿಗೆ ಒಂದು ಯೋಚನೆ ಬಂತು. ಅಮ್ಮ ಮಳೆಯಲ್ಲಿ ನೆನೆಯುತ್ತಾಳೆ, ಒಂದು ಸೂರು ಮಾಡೋಣ ಅಂತ. ಮೊದಲು ತಗಡಿನ ಮಾಡು ಬಂತು. ಆಮೇಲೆ ಅನುದಾನ ಬಂತು, ಆರ್‌ಸಿಸಿ ಗುಡಿ ಎದ್ದಿತು. ಸಾಮಾನು ತರಲು ಜೆಸಿಬಿ ದಾರಿ ಮಾಡಿತು. ಭಕ್ತರ ಕಾಲಿಗೆ ಕೆಸರಾಗಬಾರದು ಅಂತ ಸುತ್ತಲೂ ಇಂಟರ್‌ಲಾಕ್ ಹಾಸಿದರು. ಎಲೆ ಉದುರಿ ಕಸ ಆಗುತ್ತದೆ ಅಂತ ಹದಿನಾಲ್ಕು ಮರ ಕಡಿದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಎಲ್ಲವೂ ಭಕ್ತಿಯಿಂದಲೇ ನಡೆಯಿತು. ನಾನೂ ಚಂದಾ ಕೊಟ್ಟಿದ್ದೇನೆ, ಆ ಸಂಕಟ ಇನ್ನೂ ಹೋಗಿಲ್ಲ. ಈಗ ಒರತೆ ಶಿವರಾತ್ರಿ ಕಳೆಯುವಷ್ಟರಲ್ಲಿ ಬತ್ತುತ್ತದೆ.

ಇದು ನಮ್ಮೊಂದು ಊರಿನ ಕತೆ ಅಲ್ಲ. ಕರಾವಳಿಯ ಎಷ್ಟೋ ನಾಗಬನಗಳಿಗೂ ಹೀಗೇ ಆಗಿದೆ. ಮರ, ಬಳ್ಳಿ, ಹುತ್ತ ಹೋಗಿ ಸಿಮೆಂಟ್ ಕಟ್ಟೆಯ ಮೇಲೆ ನಾಗರ ಕಲ್ಲು ಮಾತ್ರ ಉಳಿದಿವೆ. ಹೆಸರು ಮಾತ್ರ ಈಗಲೂ ನಾಗಬನ.

ಸ್ವಾಮಿ, ಈ ದೇವರುಗಳಿಗೆ ಸೂರು ಇರಲಿಲ್ಲ ಅನ್ನುವುದು ಬಡತನದಿಂದ ಅಲ್ಲ. ಕಾಡೇ ಅವರ ಗುಡಿ. ಜಟಕ, ಬೀರಪ್ಪ, ಹುಲಿದೇವರು, ಚೌಡಿ, ಯಾರಿಗೂ ಗೋಪುರ ಬೇಕಿರಲಿಲ್ಲ. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ಮಳೆಗೆ ಕರಗಿ ಮತ್ತೆ ಕಾಡಿನ ಮಣ್ಣಾಗುವ ಹರಕೆ ಅದು. ನನಗೆ ಇದಕ್ಕಿಂತ ಚೆಂದದ ಕಾಣಿಕೆ ಗೊತ್ತಿಲ್ಲ.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ನಮ್ಮ ಉತ್ತರ ಕನ್ನಡದ ಕಡೆ ತಿರುಗಿದಾಗ ಒಂದು ವಿಷಯ ಬರೆದಿಟ್ಟ. ಇಲ್ಲಿ ಕಾಡು ಊರ ದೇವರ ಆಸ್ತಿ. ಊರ ಗೌಡನೇ ಪೂಜಾರಿ, ಅವನ ಒಪ್ಪಿಗೆ ಇಲ್ಲದೆ ಮರ ಕಡಿಯುವಂತಿಲ್ಲ. ಒಪ್ಪಿಗೆ ಕೊಟ್ಟದ್ದಕ್ಕೆ ದೇವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಕೇಳದೆ ಕಡಿದರೆ ಬಿಡುವುದಿಲ್ಲ. ಕಾಡನ್ನು ಸರ್ಕಾರ ತನ್ನದು ಅನ್ನದಂತೆ ಜನ ಹೂಡಿದ ಉಪಾಯ ಇದು ಅಂತ ಬುಕಾನನ್‌ಗೆ ಅನ್ನಿಸಿತು. ಅವನಿಗೆ ಅರ್ಥವಾದದ್ದು ಅಷ್ಟೇ. ಕಡಿಯುವ ಮೊದಲು ಒಮ್ಮೆ ನಿಂತು, ಊರಿನ ಮುಂದೆ ಬಾಯಿಬಿಟ್ಟು ಕೇಳಬೇಕು ಅನ್ನುವುದೇ ದೊಡ್ಡ ಕಾವಲು ಅಲ್ವಾ?

ಆ ಕಾವಲು ಎಷ್ಟು ಕಾಡನ್ನು ಉಳಿಸಿತ್ತು ಅನ್ನುವುದಕ್ಕೆ ಸರ್ಕಾರದ ಕಡತಗಳೇ ಸಾಕ್ಷಿ. 1868ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲೂಕಿನ ಕಾನುಗಳ, ಅಂದರೆ ಊರಿನವರು ಕಾಯ್ದುಕೊಂಡು ಬಂದ ದಟ್ಟ ಹಸಿರು ಕಾಡುಗಳ, ಲೆಕ್ಕ ಕೊಟ್ಟರು. ಒಂದೇ ತಾಲೂಕಿನಲ್ಲಿ 171 ಕಾನು, 32 ಸಾವಿರ ಎಕರೆಗೂ ಜಾಸ್ತಿ. ಜನ ಅಲ್ಲಿಂದ ಕಾಳುಮೆಣಸು ತರುತ್ತಿದ್ದರು, ಬೈನೆ ಮರದಿಂದ ಸೇಂದಿ ಇಳಿಸುತ್ತಿದ್ದರು, ದಾಲ್ಚಿನ್ನಿ ಆರಿಸುತ್ತಿದ್ದರು. ಮರ ಮಾತ್ರ ನಿಂತೇ ಇತ್ತು. ಕೊಡಗಿನಲ್ಲಿ 1905ರ ಹೊತ್ತಿಗೆ 15 ಸಾವಿರ ಎಕರೆಗೂ ಮಿಕ್ಕಿದ್ದ ದೇವರಕಾಡು 1985ರಲ್ಲಿ ಸುಮಾರು 6,300 ಎಕರೆಗೆ ಇಳಿಯಿತು. ಈ ನಡುವಿನ ವರ್ಷಗಳಲ್ಲಿ ಅವು ಕಂದಾಯ ಇಲಾಖೆಯ ಕೈಯಲ್ಲಿದ್ದವು. ಕಾಫಿ ತೋಟ ಒಂದೊಂದೇ ಸಾಲು ಒಳಗೆ ಬಂತು. ಹಾಗಿದ್ದರೂ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು ಆ ಜಿಲ್ಲೆಯಲ್ಲಿ ಉಳಿದಿವೆ. ಬಹಳಷ್ಟು ತೀರಾ ಸಣ್ಣವು.

ಸಣ್ಣವು ಅಂತ ಕಡೆಗಣಿಸಬೇಡಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಒಂದು ಸಲ ನಡೆದು ನೋಡಿ. ಅಲ್ಲಿ ಜಾಯಿಕಾಯಿ ಜಾತಿಯ ಮರಗಳು ಸದಾ ನೀರು ನಿಂತ ಕೆಸರಿನಲ್ಲಿ ಬೆಳೆಯುತ್ತವೆ. ಕೆಸರಿನಲ್ಲಿ ಉಸಿರಾಡಲು ಅವುಗಳ ಬೇರು ಮೊಣಕಾಲು ಮಡಚಿದ ಹಾಗೆ ಮೇಲೆದ್ದು ಮತ್ತೆ ನೆಲಕ್ಕೆ ಇಳಿಯುತ್ತದೆ. ಅದೇ ಜೌಗಿನಲ್ಲಿ ಹೊಸದೊಂದು ಮರ ಸಿಕ್ಕಿತು, 2000ರಲ್ಲಿ. ಅದುವರೆಗೆ ವಿಜ್ಞಾನಿಗಳಿಗೆ ಗೊತ್ತೇ ಇರದ ಜಾತಿ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಆ ಕಾನಿನ ಹೆಸರನ್ನೇ ಇಟ್ಟರು. ದೊಡ್ಡ ಕಾಡೆಲ್ಲ ಕಡಿದು ಸಾಗುವಾನಿ, ಅಕೇಶಿಯಾ ನೆಟ್ಟ ಕಾಲದಲ್ಲಿ ಇಂಥ ಮರಗಳು ಉಳಿದದ್ದು ಇಂಥ ಕತ್ತಲೆ ಮೂಲೆಗಳಲ್ಲಿ. ಅಲ್ಲಿಂದ ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ಹಾರುತ್ತದೆ, ಬೀಜವನ್ನು ಇನ್ನೆಲ್ಲೋ ಬೀಳಿಸುತ್ತದೆ. ಎರಡು ಎಕರೆ ಬನ ಇಡೀ ಸೀಮೆಗೆ ಬೀಜದ ಕಣಜ. ನರ್ಸರಿಯಲ್ಲಿ ಎಷ್ಟು ದುಡ್ಡು ಹಾಕಿದರೂ ಈ ಕೆಲಸ ಆಗುವುದಿಲ್ಲ.

ಈಗ ಕೇಳಬೇಕಾದ್ದು. ದೇವರ ಕಾಡಿನ ಒಳಗೆ ಕಟ್ಟಡ ಕಟ್ಟಲು ಯಾವ ಇಲಾಖೆಯ, ಯಾವ ಜನಪ್ರತಿನಿಧಿಯ ಅನುದಾನವೂ ಹೋಗಬಾರದು. ಈ ಒಂದು ಆದೇಶ ಮೊದಲು ಆಗಲಿ. ಮುಜರಾಯಿ, ಲೋಕೋಪಯೋಗಿ, ಪಂಚಾಯತ್ ರಾಜ್, ಎಲ್ಲರನ್ನೂ ಕೂರಿಸಿ ಮಾತಾಡಬೇಕಾಗುತ್ತದೆ. ಬೇರೆ ಇಲಾಖೆಯವರಿಗೆ ಇದು ದೇವಸ್ಥಾನದ ಕೆಲಸ. ಇದು ಕಾಡಿನ ಕೆಲಸ ಅಂತ ಹೇಳಬಲ್ಲವರು ನೀವು. ಸಮುದಾಯ ಭವನ ಬೇಕಾದರೆ ಬನದ ಹೊರಗೆ, ಊರಲ್ಲಿ ಕಟ್ಟಲಿ. ಯಾರ ಪೂಜೆಗೂ ಅಡ್ಡಿ ಬರಬಾರದು. ಹರಕೆ, ಬಲಿ, ವರ್ಷದ ಹಬ್ಬ ಎಲ್ಲವೂ ನಡೆಯಲಿ. ಮರದ ಕೆಳಗೆ ನಡೆಯಲಿ.

ಎರಡನೆಯದು ಗಡಿ. ನಮ್ಮ ಬನ ಪಹಣಿಯಲ್ಲಿ ಬನ ಅಂತ ಇಲ್ಲ. ಸರ್ಕಾರಿ ಜಾಗದ ಒಂದು ಸರ್ವೆ ನಂಬರಿನ ಮೂಲೆ ಅಷ್ಟೇ. ನಾಳೆ ಯಾರಾದರೂ ಬಗರ್ ಹುಕುಂ ಅರ್ಜಿ ಹಾಕಿದರೆ ಇಲ್ಲಿ ದೇವರಿದ್ದಾಳೆ ಅಂತ ತೋರಿಸಲು ಒಂದು ಕಾಗದವೂ ನಮ್ಮ ಹತ್ತಿರ ಇಲ್ಲ. ಐದು ಗುಂಟೆ ಇದ್ದರೂ ಅಳೆಯಿರಿ, ನಕ್ಷೆಯಲ್ಲಿ ಗುರುತು ಮಾಡಿ, ಪಹಣಿಯಲ್ಲಿ ಹೆಸರು ಬರೆಯಿರಿ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನಕ್ಕೆ ಇದನ್ನೇ ಹೇಳಿದೆ. ಅಲ್ಲಿನ ಓರಣ್‌ಗಳನ್ನು, ಅಂದರೆ ಅವರ ದೇವರ ಕಾಡುಗಳನ್ನು, ಸರ್ವೆ ಮಾಡಿ ಅಧಿಸೂಚನೆ ಹೊರಡಿಸಿ, ಚಿಕ್ಕವು ಅಂತ ಬಿಡಬೇಡಿ ಅಂದಿದೆ. ದೇಶಕ್ಕೆಲ್ಲ ಒಂದು ನೀತಿ ಮಾಡಿ ಅಂತ ಕೇಂದ್ರಕ್ಕೂ ಹೇಳಿದೆ. ನಾವು ಅದಕ್ಕಾಗಿ ಕಾಯಬೇಕಾ?

ಕಾನೂನಿನ ಕೊರತೆಯಂತೂ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂನಲ್ಲಿ ಪಾರಂಪರಿಕ ತಾಣ ಘೋಷಿಸುವ ಅಧಿಕಾರ ರಾಜ್ಯಕ್ಕೇ ಇದೆ. 2007ರಲ್ಲಿ ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿದ್ದು ನಮ್ಮ ರಾಜ್ಯವೇ. ಆಗ ಮಾಡಿದ್ದನ್ನು ಈಗ ಬನ, ಕಾನು, ದೇವರಕಾಡುಗಳಿಗೂ ಮಾಡಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಬೇಲಿ ಹಾಕಿ, ಬೀಗ ಹಾಕಿ, ಊರಿನವರನ್ನು ಹೊರಗಿಟ್ಟು ಕಾಯಲು ಹೋಗಬೇಡಿ. ಬ್ರಿಟಿಷರು ಕಾನುಗಳನ್ನು ಸರ್ಕಾರದ್ದು ಅಂದ ದಿನದಿಂದಲೇ ನಮ್ಮ ಜನಕ್ಕೆ ಅವು ಯಾರದ್ದೋ ಆದವು. ಯಾರದ್ದೋ ಆದಮೇಲೆ ಕಾಯುವವರು ಯಾರು? ಗ್ರಾಮಸಭೆ, ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಪೂಜೆ ಮಾಡುವ ಮನೆಯವರು, ಇವರನ್ನು ಕೇಳಿಯೇ ನಿಯಮ ಮಾಡಿ. ಹೆಂಗಸರನ್ನು ತಪ್ಪದೆ ಕೇಳಿ. ನಮ್ಮಲ್ಲಿ ಒರತೆಯ ನೀರು ಯಾವ ತಿಂಗಳು ನಿಂತಿತು ಅಂತ ಮೊದಲು ಗೊತ್ತಾದದ್ದು ಕೊಡ ಹೊರುವವರಿಗೆ.

ನಮ್ಮೂರಿನ ವಿಷಯ ಹೇಳಿ ಮುಗಿಸುತ್ತೇನೆ. ಹೋದ ಹಬ್ಬದ ದಿನ ಊರಿನವರು ಬನದಲ್ಲೇ ಕೂತು ಮಾತಾಡಿದೆವು. ಗುಡಿ ಇರಲಿ, ಸುತ್ತಲಿನ ಇಂಟರ್‌ಲಾಕ್ ಕಿತ್ತು ಹಾಕೋಣ, ಜೆಸಿಬಿ ದಾರಿ ಮುಚ್ಚೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಬನದ ಗಡಿ ಅಳೆದು ಕೊಡಿ ಅಂತ ಕೊಟ್ಟ ಅರ್ಜಿ ಎರಡು ವರ್ಷದಿಂದ ಕಡತದಲ್ಲಿದೆ. ಪಕ್ಕದ ಕಾನಿನಿಂದ ಬೀಜ ಆರಿಸಿ ತಂದು ರಾಮಪತ್ರೆ, ವಾಟೆ, ಉಪ್ಪಾಗೆ ಸಸಿ ಮಾಡಿದ್ದೇವೆ. ನಮ್ಮ ಮನೆಯ ಅಡಿಕೆ ತೋಟದ ನೆರಳಲ್ಲಿ ಅವು ಮೊಣಕಾಲೆತ್ತರ ಬಂದಿವೆ. ಮಳೆ ಹಿಡಿಯುವ ಮೊದಲು ಸರ್ವೆಯವರನ್ನು ಕಳಿಸಿಕೊಡಿ. ಎಲ್ಲಿ ನೆಡಬೇಕು ಅಂತ ಗೊತ್ತಾದರೆ ಈ ಮಳೆಗೇ ನೆಡುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಕೃಷಿಕ