ನರ ಅಂದರೆ ಕರೆಂಟ್ ವೈರಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ನರವನ್ನು ಕರೆಂಟ್ ವೈರಿಗೆ ಹೋಲಿಸಿದ್ದನ್ನು ಓದಿದೆ. ವೈರಾದರೆ ಯಾವಾಗ ಬೇಕಾದರೂ ಜೋಡಿಸಬಹುದು. ನಾವೂ ಹಾಗೇ ಅಂದುಕೊಂಡು ಕೆಟ್ಟೆವು.

ನನ್ನ ಅಕ್ಕನ ಮಗ ಅಂಕೋಲಾ ಹತ್ತಿರ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದ. ಕುತ್ತಿಗೆ ಒಂದು ಕಡೆ, ಭುಜ ಒಂದು ಕಡೆ ಜಗ್ಗಿ, ಕೈಗೆ ಬರುವ ನರಗಳು ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದವು. ಮೂಳೆ ಮುರಿದಿರಲಿಲ್ಲ. "ನರ ವೀಕ್ ಆಗಿದೆ, ಎಣ್ಣೆ ತಿಕ್ಕಿ" ಅಂದರು. ನಾಲ್ಕು ತಿಂಗಳು ತಿಕ್ಕಿದೆವು. ಕೈ ಒದ್ದೆ ಟವೆಲಿನ ಹಾಗೆ ಜೋತಾಡುತ್ತಲೇ ಇತ್ತು. ಕೊನೆಗೆ ಮಂಗಳೂರಿನಲ್ಲಿ ಪಕ್ಕೆಲುಬುಗಳ ನಡುವಿನ ನರವನ್ನು ತಿರುಗಿಸಿ ತೋಳಿನ ನರಕ್ಕೆ ಹೊಲಿದರು. ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕಾದೆವು. ಒಂದು ದಿನ ಒಗ್ಗರಣೆ ಘಾಟಿಗೆ ಅವನು ಕೆಮ್ಮಿದ. ಕೆಮ್ಮಿದ ಕೂಡಲೇ ತೋಳಿನ ಸ್ನಾಯು ಪಟ್ಟನೆ ಎಗರಿತು! ಅಕ್ಕ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ಉಸಿರಾಟದ ನರ ಅಲ್ವಾ, ಮಿದುಳಿನ ಲೆಕ್ಕದಲ್ಲಿ ಅದಿನ್ನೂ ಎದೆಯದ್ದೇ. ಎಷ್ಟೋ ತಿಂಗಳು ಅವನು ದೊಡ್ಡ ಉಸಿರೆಳೆದೇ ಕೈ ಮಡಚುತ್ತಿದ್ದ. ಈಗ ಮಾತಾಡುತ್ತಲೇ ಮಡಚುತ್ತಾನೆ.

ಏಟು ಎಲ್ಲೋ ಬಿದ್ದರೂ ಒಳಗೆ ದೊಡ್ಡ ಗಡಿಬಿಡಿಯೇ ಆಗುತ್ತದೆ. ಗ್ಲಿಯಾ ಎಂಬ ಆಸರೆ ಕೋಶಗಳಿವೆ. ಗ್ರೀಕಿನಲ್ಲಿ ಆ ಮಾತಿಗೆ ಅಂಟು ಎಂದರ್ಥ. ನರಕೋಶಗಳನ್ನು ಸುಮ್ನೆ ಅಂಟಿಸಿಡುತ್ತವೆ ಅಂತಲೇ ಹಿಂದಿನವರು ತಿಳಿದಿದ್ದರು. 1968ರಲ್ಲಿ ಬ್ಲಿಂಜಿಂಗರ್ ಮತ್ತು ಕ್ರೊಯ್ಟ್ಸ್‌ಬರ್ಗ್ ಎಂಬ ವಿಜ್ಞಾನಿಗಳು ಇಲಿಯ ಮುಖದ ನರಕ್ಕೆ ಗಾಯ ಮಾಡಿ ಮಿದುಳಿನ ಬುಡವನ್ನು ನೋಡಿದರು. ಆ ನರ ಹೊರಡುವ ಕೋಶಗಳಿಗೆ ಮೈಕ್ರೋಗ್ಲಿಯಾ ಎಂಬ ಒಂದು ಬಗೆಯ ಗ್ಲಿಯಾಗಳು ಮುತ್ತಿಕೊಂಡಿದ್ದವು. ಬೇರೆ ಕೋಶಗಳಿಂದ ಅಲ್ಲಿಗೆ ಬರುವ ಸಂಪರ್ಕಗಳನ್ನು ಬಿಡಿಸಿ ಸರಿಸುತ್ತಿದ್ದವು. ಆಮೇಲೆ ಆಸ್ಟ್ರೋಸೈಟ್ ಎಂಬ ಇನ್ನೊಂದು ಬಗೆಯ ಗ್ಲಿಯಾ ಬಂದು ಆ ಕೋಶಕ್ಕೆ ಹೊದಿಕೆ ಹೊದಿಸುತ್ತದೆ. ಯಾವ ವೈರಿಗೆ ಇಷ್ಟೊಂದು ಉಪಚಾರ ಇದೆ ಹೇಳಿ?

ನರ ತಿರುಗಿಸಿ ಹೊಲಿಯುವ ಈ ಆಪರೇಷನ್ ಏಟು ಬಿದ್ದ ಆರು ತಿಂಗಳೊಳಗೆ ಆದರೆ ಒಳ್ಳೆಯದು. ಒಂದೂವರೆ ವರ್ಷ ದಾಟಿದರೆ ನರ ತಲುಪುವ ಹೊತ್ತಿಗೆ ಸ್ನಾಯುವೇ ಸೊರಗಿ ಹೋಗಿರುತ್ತದೆ. ಆಪರೇಷನ್ ಆದಮೇಲೂ ವ್ಯಾಯಾಮ ಮಾಡಿ ಮಿದುಳಿಗೆ ಹೊಸ ದಾರಿ ರೂಢಿ ಮಾಡಿಸಬೇಕು. ಅದಕ್ಕಾಗಿ ನಮ್ಮ ಹುಡುಗ ತಿಂಗಳಿಗೆ ಎರಡು ಸಲ, ಒಂದೇ ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದ. ಈ ವ್ಯಾಯಾಮ ಹೇಳಿಕೊಡುವವರು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಸಿಗುವ ಹಾಗೆ ಸಂಬಂಧಪಟ್ಟವರು ಮಾಡಲಿ. ನೀವೂ ಮುಂದಿನ ಸಲ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿ: ಬಿದ್ದ ಮೇಲೆ ಕೈ ಎತ್ತಲು ಬರದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ.

– ಒಬ್ಬ ಓದುಗ, ಅಂಕೋಲಾ