ಕಾರ್ಡು ಕೆಟ್ಟಿದೆ ಎನ್ನುವ ಮೊದಲು ಲಿನಕ್ಸನ್ನೇ ಕೇಳಿ

ಮಾನ್ಯ ಸಂಪಾದಕರೇ,

ತುಲಾ ಮಾಸದ ಗುಡುಗು ಮಿಂಚು ಆರಂಭವಾಯಿತೆಂದರೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕಾಸರಗೋಡಿನ ನಮ್ಮ ಊರುಗಳ ಶಾಲೆ, ಗ್ರಂಥಾಲಯ ಮತ್ತು ಸಣ್ಣಪುಟ್ಟ ಕಚೇರಿಗಳಲ್ಲಿ ಕಂಪ್ಯೂಟರುಗಳಿಗೆ ಇಂಟರ್‌ನೆಟ್ ಸಿಗದೆ ಹೋಗುವುದು ವರ್ಷವೂ ನಡೆಯುವ ಸಂಗತಿ. ಆಗ ದುರಸ್ತಿಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಪು ಕೊಟ್ಟು ಹೋಗುತ್ತಾರೆ: ‘ನೆಟ್‌ವರ್ಕ್ ಕಾರ್ಡು ಹೋಗಿದೆ, ಹೊಸತು ಹಾಕಿಸಿ’ ಎಂಬುದು ಒಂದು, ‘ಇದು ಲಿನಕ್ಸ್, ಇದರ ಕಥೆಯೇ ಹೀಗೆ, ವಿಂಡೋಸ್ ಹಾಕಿಸಿ’ ಎಂಬುದು ಇನ್ನೊಂದು. (ನೆಟ್‌ವರ್ಕ್ ಕಾರ್ಡು ಎಂದರೆ ಕಂಪ್ಯೂಟರನ್ನು ಜಾಲಕ್ಕೆ ಜೋಡಿಸುವ ಭಾಗ; ಲಿನಕ್ಸ್ ಎಂದರೆ ವಿಂಡೋಸಿನಂತೆಯೇ ಇಡೀ ಯಂತ್ರವನ್ನು ನಡೆಸುವ ಸ್ವತಂತ್ರ ತಂತ್ರಾಂಶ.) ಇದೇ ಕಸುಬಿನಲ್ಲಿರುವ ನಾನು ಕಂಡಂತೆ ಮೊದಲನೆಯದು ಕೆಲವು ಸಲ ನಿಜ. ಎರಡನೆಯದು ಹೆಚ್ಚಿನ ಸಲ ಏನನ್ನೂ ಪರೀಕ್ಷಿಸದೆ ಆಡುವ ಮಾತು. ಈ ಕುರಿತು ತಮ್ಮ ಪತ್ರಿಕೆಯ ಓದುಗರ, ವಿಶೇಷವಾಗಿ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರ ಗಮನ ಸೆಳೆಯಬಯಸುತ್ತೇನೆ.

ಗಡಿನಾಡಿನ ನಮಗೆ ಲಿನಕ್ಸ್ ಎಂಬುದು ಎಲ್ಲೋ ಕೆಲವರ ಹವ್ಯಾಸವಲ್ಲ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಗಿ, ಅದು 2017ರಲ್ಲಿ ಶಾಲೆಗಳ ಐಟಿ ಶಿಕ್ಷಣವನ್ನು ನೋಡಿಕೊಳ್ಳುವ ಕೈಟ್ ಸಂಸ್ಥೆಯಾಗಿ ರೂಪುಗೊಂಡಿತು. ಇಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಲ್ಯಾಬುಗಳಲ್ಲಿ ಉಬುಂಟು ಎಂಬ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವೇ ನಡೆಯುತ್ತಿದೆ. ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಹೀಗಿರುವಾಗ ಲಿನಕ್ಸ್ ಯಂತ್ರದ ನೆಟ್‌ವರ್ಕ್ ಕೈಕೊಟ್ಟರೆ ಎಲ್ಲಿಂದ ನೋಡಲು ತೊಡಗಬೇಕು ಎಂಬುದನ್ನು ತಿಳಿದವರು ಪ್ರತಿ ಶಾಲೆಯಲ್ಲಿ ಒಬ್ಬರಾದರೂ ಇರಬೇಕಲ್ಲವೇ?

ಮೊದಲು ಕಣ್ಣಿಗೆ ಕಾಣುವುದನ್ನು ನೋಡಬೇಕು. ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕದ ಪುಟ್ಟ ದೀಪ ಉರಿಯುತ್ತಿದೆಯೇ? ಅದೇ ಕೇಬಲನ್ನು ಸ್ವಿಚ್‌ನ (ಹಲವು ಯಂತ್ರಗಳ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆಯ) ಬೇರೊಂದು ಕಿಂಡಿಗೆ ಹಾಕಿದರೆ ಉರಿಯುತ್ತದೆಯೇ? ಈಗ ಫೈಬರ್ ಸಂಪರ್ಕ ಬಂದ ಮೇಲೆ ಸಿಡಿಲಿನ ಭಯ ಹೋಯಿತೆಂದು ಹಲವರು ತಿಳಿದಿದ್ದಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವೆಂಬುದು ಸರಿ. ಆದರೆ ಮೋಡೆಮ್ಮಿನ ಅಡಾಪ್ಟರ್ ಕರೆಂಟಿನ ಲೈನಿಗೆ ಸಿಕ್ಕಿಸಿಯೇ ಇರುತ್ತದೆ. ಶಾಲೆಯ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮಾಡಿನಂಚಿನಲ್ಲಿ ಎಳೆದ ನೆಟ್‌ವರ್ಕ್ ಕೇಬಲ್ ತಾಮ್ರದ್ದೇ ಆಗಿರುತ್ತದೆ. ಎಂಟು ತಂತಿಗಳ ಆ ಕೇಬಲಿನಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ನಾಲ್ಕು ತಂತಿ ಸಾಕಾದರೆ, ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಆದ್ದರಿಂದ ಇಲಿ ಕಡಿದೋ ಪ್ಲಗ್ಗಿನ ಹಲ್ಲಿಗೆ ಕಿಲುಬು ಹಿಡಿದೋ ಒಂದು ತಂತಿ ಸಂಪರ್ಕ ಕಳೆದುಕೊಂಡರೂ ವೇಗ ಕುಸಿಯಬಹುದು, ಇಲ್ಲವೇ ಸಂಪರ್ಕವೇ ಬಂದು ಬಂದು ಹೋಗಬಹುದು. ಇದಕ್ಕೆಲ್ಲ ಕಾರ್ಡನ್ನಾಗಲಿ ಲಿನಕ್ಸನ್ನಾಗಲಿ ದೂರಿ ಫಲವಿಲ್ಲ.

ಕೇಬಲ್ ಸರಿಯಿದ್ದರೆ ಮುಂದಿನ ಪ್ರಶ್ನೆಯನ್ನು ಯಂತ್ರಕ್ಕೇ ಕೇಳಬೇಕು. ಟರ್ಮಿನಲ್ ಎಂಬ, ಕಮಾಂಡ್ ಬರೆಯುವ ಕಿಟಕಿಯನ್ನು ತೆರೆದು ಎಲ್‌ಎಸ್‌ಪಿಸಿಐ ಎಂಬ ಕಮಾಂಡಿಗೆ ಅಡ್ಡಗೆರೆ ಹಾಕಿ ಕೆ ಅಕ್ಷರ ಸೇರಿಸಿ (lspci -k) ಕೊಟ್ಟರೆ, ಒಳಗಿರುವ ಕಾರ್ಡುಗಳ ಹೆಸರೂ ಪ್ರತಿಯೊಂದನ್ನು ಯಾವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ನಡೆಸುತ್ತಿದೆ ಎಂಬುದೂ ತೆರೆಯ ಮೇಲೆ ಬರುತ್ತದೆ. ಯುಎಸ್‌ಬಿ ಅಡಾಪ್ಟರ್ ಆಗಿದ್ದರೆ ಎಲ್‌ಎಸ್‌ಯುಎಸ್‌ಬಿ (lsusb) ಎನ್ನಬೇಕು. ಇಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ದೋಷ ತಂತ್ರಾಂಶಕ್ಕಿಂತ ಕೆಳಗಿದೆ ಎಂದರ್ಥ: ಬಯೋಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ನಡೆಯುವ ಮೂಲ ವ್ಯವಸ್ಥೆಯಲ್ಲಿ) ಅದನ್ನು ಯಾರೋ ಬಂದ್ ಮಾಡಿರಬಹುದು, ಕಾರ್ಡು ಸ್ಲಾಟಿನಲ್ಲಿ ಸರಿಯಾಗಿ ಕೂರದಿರಬಹುದು, ಅಥವಾ ನಿಜವಾಗಿಯೇ ಸುಟ್ಟಿರಬಹುದು. ಹೆಸರಿದ್ದು ಡ್ರೈವರಿನ ಸಾಲು ಮಾತ್ರ ಇಲ್ಲದಿದ್ದರೆ ಕಾರ್ಡು ಜೀವಂತವಾಗಿದೆ, ಅದನ್ನು ನಡೆಸುವವರಿಲ್ಲ ಅಷ್ಟೇ. ಎರಡೂ ಇದ್ದರೆ ‘ಐಪಿ ಲಿಂಕ್’ (ip link) ಎಂದು ಕೇಳಬೇಕು. ಅಲ್ಲಿ ‘ನೋ ಕ್ಯಾರಿಯರ್’ ಎಂದು ಬಂದರೆ ಮತ್ತೆ ಕೇಬಲ್ ಮತ್ತು ಸ್ವಿಚ್‌ನ ಕಡೆಗೇ ತಿರುಗಬೇಕು. ಹಳೆಯ ಪುಸ್ತಕಗಳಲ್ಲಿ ಕಾಣುವ ಐಎಫ್‌ಕಾನ್ಫಿಗ್ ಎಂಬ ಕಮಾಂಡ್ ಈಗ ಹಲವು ಲಿನಕ್ಸ್‌ಗಳಲ್ಲಿ ಮೊದಲಿನಿಂದ ಇರುವುದಿಲ್ಲ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಬದಿಯಡ್ಕದ ಸಮೀಪದ ಒಂದು ಗ್ರಂಥಾಲಯದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಸಿಡಿಲಿಗೆ ಮದರ್‌ಬೋರ್ಡಿನ ನೆಟ್‌ವರ್ಕ್ ಕಿಂಡಿ ಸುಟ್ಟದ್ದು ನಿಜವಾಗಿತ್ತು. ಅಂಗಡಿಯವರು ಹೊಸ ಕಾರ್ಡು ಹಾಕಿದ್ದರು. ಆದರೂ ಸಂಪರ್ಕ ಬರಲಿಲ್ಲ. ‘ಈ ಕಾರ್ಡು ಲಿನಕ್ಸಿಗೆ ಹೊಂದುವುದಿಲ್ಲ’ ಎಂದು ಹೇಳಿ ಅವರು ಹೊರಟುಹೋಗಿದ್ದರು. ನೋಡಿದರೆ ಕಾರ್ಡಿನ ದೀಪ ಉರಿಯುತ್ತಿತ್ತು, ಡ್ರೈವರೂ ಕೂತಿತ್ತು. ಆ ಕಟ್ಟಡದಲ್ಲಿ, ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಐಪಿ ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಬಳಕೆಯಲ್ಲಿರಲಿಲ್ಲ, ಪ್ರತಿ ಯಂತ್ರದ ಸೆಟ್ಟಿಂಗಿನಲ್ಲೂ ವಿಳಾಸವನ್ನು ಕೈಯಲ್ಲೇ ಬರೆದಿದ್ದರು. ಆ ಸೆಟ್ಟಿಂಗಿನಲ್ಲಿದ್ದ ಕಾರ್ಡಿನ ಹೆಸರು ಇಎನ್‌ಪಿ2ಎಸ್0. ಹೊಸ ಕಾರ್ಡಿಗೆ ಯಂತ್ರ ಇಟ್ಟ ಹೆಸರು ಇಎನ್‌ಪಿ3ಎಸ್0. 2013ರ ಸುಮಾರಿಗೆ ಸಿಸ್ಟಮ್‌ಡಿ (ಲಿನಕ್ಸ್ ಏಳುವಾಗ ಅದರ ಸೇವೆಗಳನ್ನು ಆರಂಭಿಸುವ ತಂತ್ರಾಂಶ) ತಂದ ಪದ್ಧತಿಯಂತೆ ಕಾರ್ಡಿನ ಹೆಸರು ಅದು ಮದರ್‌ಬೋರ್ಡಿನ ಯಾವ ಬಸ್ಸಿನ (ಭಾಗಗಳನ್ನು ಜೋಡಿಸುವ ದಾರಿಯ) ಯಾವ ಸ್ಲಾಟಿನಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ಜಾಗ ಬದಲಾದರೆ ಹೆಸರೂ ಬದಲಾಗುತ್ತದೆ. ಮನೆ ಬದಲಿಸಿದವರಿಗೆ ಹಳೆ ವಿಳಾಸಕ್ಕೆ ಕಾಗದ ಹಾಕಿದಂತೆ, ಆ ಸೆಟ್ಟಿಂಗ್ ಈಗ ಅಲ್ಲಿಲ್ಲದ ಹಳೆ ಹೆಸರಿನ ಕಾರ್ಡನ್ನು ಹುಡುಕುತ್ತ ಕುಳಿತಿತ್ತು. ಒಂದು ಅಂಕಿ ತಿದ್ದಿದ ಮೇಲೆ ಎಲ್ಲವೂ ಸರಿಹೋಯಿತು. ಅಷ್ಟರಲ್ಲಿ ಆಡಳಿತ ಸಮಿತಿಯವರು ಹೊಸ ಕಂಪ್ಯೂಟರಿಗೇ ಕೊಟೇಶನ್ ತರಿಸಿದ್ದರು.

ಲ್ಯಾಪ್‌ಟಾಪುಗಳ ವೈಫೈ ತಂಟೆ ಬೇರೆ ಬಗೆಯದು. ಬ್ರಾಡ್‌ಕಾಮ್‌ನಂತಹ ಕೆಲವು ಕಂಪೆನಿಗಳ ಕಾರ್ಡುಗಳಿಗೆ ಡ್ರೈವರ್ ಒಂದೇ ಸಾಲದು, ಕಾರ್ಡಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಕಡತವೂ ಬೇಕು. ಅದು ಇಲ್ಲದಿದ್ದರೆ ಕರ್ನೆಲ್ (ಲಿನಕ್ಸಿನ ತಿರುಳು) ತನ್ನ ದಾಖಲೆಯಲ್ಲಿ ಆ ಕಡತದ ಹೆಸರನ್ನು ಹೇಳಿಯೇ ಸಾಮಾನ್ಯವಾಗಿ ದೂರುತ್ತದೆ. ಸುಡೋ ಸೇರಿಸಿ ಡಿಎಂಇಎಸ್‌ಜಿ ಎಂಬ ಕಮಾಂಡ್ (sudo dmesg) ಕೊಟ್ಟರೆ ಆ ದಾಖಲೆ ಓದಬಹುದು. ಡೆಬಿಯನ್ ಎಂಬ ಲಿನಕ್ಸ್ ಅಂತಹ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪನಾ ಡಿಸ್ಕಿನಲ್ಲೇ ಸೇರಿಸಲಾರಂಭಿಸಿದ್ದು 2023ರ ಹನ್ನೆರಡನೆಯ ಆವೃತ್ತಿಯಿಂದ. ಅದಕ್ಕೂ ಹಿಂದಿನದನ್ನು ಹಾಕಿಕೊಂಡವರು ಈ ತೊಂದರೆಯನ್ನು ಹೆಚ್ಚು ಕಂಡಿರುತ್ತಾರೆ. ಕೀಬೋರ್ಡಿನ ವಿಮಾನದ ಗುರುತಿನ ಗುಂಡಿಯನ್ನು ಮಕ್ಕಳು ತಿಳಿಯದೆ ಒತ್ತಿರುವುದೂ ಉಂಟು. ಅದನ್ನು ಆರ್‌ಎಫ್‌ಕಿಲ್ ಲಿಸ್ಟ್ ಎಂಬ ಕಮಾಂಡ್ (rfkill list) ತೋರಿಸುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸೂ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಯಂತ್ರವನ್ನು ಪೂರ್ತಿ ಆರಿಸದೆ ಬಿಡುವುದರಿಂದ ಕಾರ್ಡು ಅರೆನಿದ್ರೆಯಲ್ಲೇ ಉಳಿದು ಲಿನಕ್ಸಿಗೆ ಸ್ಪಂದಿಸದಿರಬಹುದು. ಆ ಫಾಸ್ಟ್ ಸ್ಟಾರ್ಟಪನ್ನು ಬಂದ್ ಮಾಡಿ, ಯಂತ್ರವನ್ನು ಆರಿಸಿ ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿ ನೋಡಬೇಕು.

ಕಾರ್ಡಿಗೂ ಸಮಸ್ಯೆಗೂ ಸಂಬಂಧವೇ ಇಲ್ಲದ ಸಂದರ್ಭಗಳೂ ಇವೆ. ಮೋಡೆಮ್ಮಿನ ವಿಳಾಸಕ್ಕೆ ಪಿಂಗ್ ಮಾಡಿದರೆ (‘ಇದ್ದೀಯಾ’ ಎಂದು ಕೇಳುವ ಕಮಾಂಡ್ ಕೊಟ್ಟರೆ) ಉತ್ತರ ಬರುತ್ತದೆ, ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲಿನ 8.8.8.8 ಎಂಬ ವಿಳಾಸದಿಂದಲೂ ಬರುತ್ತದೆ, ಜಾಲತಾಣದ ಹೆಸರು ಕೊಟ್ಟರೆ ಮಾತ್ರ ಬರುವುದಿಲ್ಲ ಎಂದಾದರೆ ತೊಂದರೆ ಇರುವುದು ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ. ಹೆಸರಿಗೂ ಉತ್ತರ ಬಂದು, ಬ್ರೌಸರ್ ಮಾತ್ರ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಹಠ ಹಿಡಿದರೆ ತೆರೆಯ ಮೂಲೆಯ ದಿನಾಂಕವನ್ನು ನೋಡಿ. ಹಳೆಯ ಯಂತ್ರಗಳ ಮದರ್‌ಬೋರ್ಡಿನಲ್ಲಿರುವ ನಾಣ್ಯದಷ್ಟು ದೊಡ್ಡ ಬ್ಯಾಟರಿ ಮುಗಿದಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ತಾಣಗಳ ಪ್ರಮಾಣಪತ್ರಗಳೆಲ್ಲ ಅಸಿಂಧುವೆಂದು ಕಾಣತೊಡಗುತ್ತವೆ. ಬೇಸಗೆ ರಜೆಯಲ್ಲಿ ಎರಡು ತಿಂಗಳು ಮುಚ್ಚಿಟ್ಟು ಜೂನ್‌ನಲ್ಲಿ ತೆರೆದ ಲ್ಯಾಬುಗಳಲ್ಲಿ ಇದು ಬಹಳ ಸಾಮಾನ್ಯ.

ಇವಿಷ್ಟನ್ನು ಹೈಸ್ಕೂಲಿನ ಮಕ್ಕಳಿಗೂ ಕಲಿಸಬಹುದು. 2018ರಿಂದ ನಡೆಯುತ್ತಿರುವ, ಶಾಲಾ ಮಕ್ಕಳ ಐಟಿ ಕ್ಲಬ್ಬುಗಳಾದ ಲಿಟಲ್ ಕೈಟ್ಸ್ ಘಟಕಗಳ ಮಕ್ಕಳು ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಇದ್ದಾರೆ. ಪಠ್ಯಪುಸ್ತಕ ಕನ್ನಡದಲ್ಲಿ ಸಿಗುತ್ತದೆ, ಸರಿ. ಆದರೆ ಲ್ಯಾಬಿನಲ್ಲಿ ಯಂತ್ರ ಮುಷ್ಕರ ಹೂಡಿದ ಹೊತ್ತಿಗೆ ಕೈಗೆ ಸಿಗುವಂತಹ, ಕನ್ನಡದಲ್ಲಿ ಬರೆದ ಒಂದು ಹಾಳೆ ನಾನು ಹೋದ ಯಾವ ಶಾಲೆಯ ಗೋಡೆಯಲ್ಲೂ ಕಾಣಲಿಲ್ಲ. ಅಂತಹ ಹಾಳೆಯೊಂದನ್ನು ಸಿದ್ಧಪಡಿಸಿ ಗಡಿನಾಡಿನ ಕನ್ನಡ ಶಾಲೆಗಳಿಗೆ ಕಳುಹಿಸುವಂತೆಯೂ, ಅಧ್ಯಾಪಕರ ರಜಾಕಾಲದ ತರಬೇತಿಯಲ್ಲಿ ಇದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡುವಂತೆಯೂ ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ. ಜತೆಗೆ ಪ್ರತಿ ಲ್ಯಾಬಿನಲ್ಲಿ ಒಂದು ನೋಟ್‌ಪುಸ್ತಕವಿಟ್ಟು, ಯಂತ್ರಗಳು ಸರಿಯಾಗಿ ನಡೆಯುತ್ತಿರುವಾಗಲೇ ಒಂದೊಂದರ ಕಾರ್ಡಿನ ಹೆಸರು, ಡ್ರೈವರ್, ಆ ಕಾರ್ಡಿನದೇ ಗುರುತಾದ ಹನ್ನೆರಡು ಅಂಕಿ ಅಕ್ಷರಗಳ ಮ್ಯಾಕ್ ವಿಳಾಸ ಮತ್ತು ಐಪಿ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು. ಕೆಟ್ಟ ಮೇಲೆ ಹೋಲಿಸಿ ನೋಡಲು ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಎಲ್ಲವನ್ನೂ ನೋಡಿದ ಮೇಲೂ, ಸ್ಲಾಟ್ ಬದಲಿಸಿದರೂ, ಕಾರ್ಡಿನ ಹೆಸರೇ ಬಾರದಿದ್ದರೆ ಆಗ ಹೊಸತನ್ನು ಕೊಳ್ಳಲಿ. ಲಿನಕ್ಸ್ ನೇರವಾಗಿ ಗುರುತಿಸುವ ತಂತಿಯ ನೆಟ್‌ವರ್ಕ್ ಕಾರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕಾಗಿ ಇಡೀ ಕಂಪ್ಯೂಟರನ್ನು ಬದಲಿಸುವ ಅಗತ್ಯವಿಲ್ಲ.

ಇಂತು ತಮ್ಮ ವಿಶ್ವಾಸಿ,
ಓರ್ವ ಕಂಪ್ಯೂಟರ್ ದುರಸ್ತಿಗಾರ, ಪೆರ್ಲ