ಶೀಹೈಗು ಪುಸ್ತಕಕ್ಕೆ ನಿಮ್ಮ ನೆರವು ಬೇಕು: ದೇಣಿಗೆ ಮನವಿ

ಆತ್ಮೀಯ ಶಿಕ್ಷಣಪ್ರೇಮಿಗಳೇ, ನಮಸ್ಕಾರ.

ಕುಷ್ಟಗಿ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ಟ್ರಸ್ಟ್ ಶಾಲೆ ನಡೆಸುತ್ತಿದೆ. ಈ ವರ್ಷ ಒಂದು ಹೊಸ ಕೆಲಸಕ್ಕೆ ಕೈ ಹಾಕಿದ್ದೇವೆ. ಪ್ರಪಂಚದ ಬರದ ಸೀಮೆಗಳ ಬಗ್ಗೆ ಮಕ್ಕಳಿಗಾಗಿ ಕನ್ನಡದಲ್ಲಿ ಪುಸ್ತಕ ತರುವುದು, ಜೊತೆಗೆ ಗೋಡೆಗೆ ಹಾಕುವಂಥ ದೊಡ್ಡ ಭೂಪಟ ಮಾಡಿಸುವುದು. ಮೊದಲ ಪುಸ್ತಕ ಚೀನಾದ ಶೀಹೈಗು ಸೀಮೆಯದ್ದು. ಅದರಲ್ಲೂ ಶೀಜಿ ಕೌಂಟಿಯ (ಕೌಂಟಿ ಅಂದರೆ ನಮ್ಮ ತಾಲ್ಲೂಕಿನಂಥದ್ದು) ಬೆಟ್ಟಗಳ ನಡುವಿನ ಶಾಗೋ ಎಂಬ ಟೌನ್‌ಶಿಪ್, ಅಂದರೆ ಹಲವು ಹಳ್ಳಿಗಳು ಸೇರಿದ ನಮ್ಮ ಹೋಬಳಿಯಂಥ ಒಂದು ಘಟಕ. ಅಲ್ಲಿ ಇರುವವರು ಬಹುಪಾಲು ಹುಯಿ ಜನ, ಅಂದರೆ ಚೀನೀ ಮಾತಾಡುವ ಮುಸ್ಲಿಮರು. ಈ ಪುಸ್ತಕಕ್ಕೆ ನಿಮ್ಮ ದೇಣಿಗೆ ಕೇಳಲು ಈ ಮನವಿ.

ಚೀನಾ ಯಾಕೆ, ಅದೂ ಇಲ್ಲಿ ಯಾರೂ ಹೆಸರು ಕೇಳದ ಮೂಲೆ ಯಾಕೆ ಅಂತ ಹಲವರು ಕೇಳಿದ್ದಾರೆ. ಕೇಳಬೇಕಾದ್ದೇ. ನಮ್ಮ ಹೊಲದಲ್ಲಿ ಬೆಳೆಯುವ ನವಣೆ ಮತ್ತು ಬರಗು ಮೊದಲು ಮನುಷ್ಯರ ಕೈಗೆ ಒಗ್ಗಿದ್ದು ಉತ್ತರ ಚೀನಾದ ಒಣ ನೆಲದಲ್ಲಿ. ಶೀಜಿಯನ್ನು ಹಾದು ಹೋಗುವ ಹುಲು ನದಿಯ ಕೊಳ್ಳದಲ್ಲೇ, ಸ್ವಲ್ಪ ದಕ್ಷಿಣಕ್ಕೆ, ದಾದಿವಾನ್ ಎಂಬ ಜಾಗವಿದೆ. ಅಲ್ಲಿ ಅಗೆದಾಗ 7000 ವರ್ಷಕ್ಕೂ ಹಳೆಯ, ಸುಟ್ಟು ಕರಿಯಾದ ಬರಗಿನ ಕಾಳು ಸಿಕ್ಕಿವೆ. ದಿನಾ ನವಣೆ ಅನ್ನ ಉಣ್ಣುವ ಮಗುವಿಗೆ ಆ ಕಾಳಿನ ತವರು ಯಾವುದು, ಅಲ್ಲಿನ ಜನ ಹೇಗೆ ಬದುಕಿದರು ಅಂತ ತಿಳಿಯಬೇಕು ಅಲ್ವಾ? ಕನ್ನಡದಲ್ಲಿ ಮಕ್ಕಳು ಓದುವಂಥ ಒಂದು ಪುಸ್ತಕವೂ ಇದರ ಬಗ್ಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸೀಮೆಯ ಪರಿಚಯ ಸ್ವಲ್ಪ ಹೇಳುತ್ತೇವೆ. ಶೀಹೈಗು ಇರುವುದು ನಿಂಗ್ಶಿಯಾ ಹುಯಿ ಸ್ವಾಯತ್ತ ಪ್ರದೇಶದಲ್ಲಿ. ಆ ಪ್ರದೇಶ ರಚನೆಯಾದದ್ದು 1958ರಲ್ಲಿ. ಅದರ ಉತ್ತರ ಭಾಗಕ್ಕೆ ಹಳದಿ ನದಿಯ ಕಾಲುವೆ ನೀರು ಸಿಗುತ್ತದೆ, ಭತ್ತ ಬೆಳೆಯುತ್ತದೆ. ದಕ್ಷಿಣಕ್ಕೆ ಬಂದರೆ ಆ ಭಾಗ್ಯ ಇಲ್ಲ. ಶೀಜಿ, ಹೈಯುವಾನ್, ಗುಯುವಾನ್, ಈ ಮೂರರ ಹೆಸರು ಕೂಡಿಸಿ ಇಡೀ ಸೀಮೆಗೆ ಶೀಹೈಗು ಅನ್ನುತ್ತಾರೆ. ಶೀಜಿಗೆ ಪೂರ್ವಕ್ಕೆ ಲಿಯೂಪಾನ್ ಪರ್ವತ, ಅದರ ಅತಿ ಎತ್ತರದ ತುದಿ 2942 ಮೀಟರ್. ಶೀಜಿಯ ಗುಡ್ಡಗಳು ಮಾತ್ರ ಬರೀ ಮಣ್ಣು. ಲಕ್ಷಾಂತರ ವರ್ಷ ಗಾಳಿ ಹೊತ್ತು ತಂದ ಹಳದಿ ಧೂಳು ಕೂತು ಕೂತು ನೂರಾರು ಅಡಿ ದಪ್ಪವಾಗಿದೆ. ಒಣಗಿದ್ದಾಗ ಈ ಮಣ್ಣು ನೆಟ್ಟಗೆ ನಿಲ್ಲುತ್ತದೆ. ಅದನ್ನೇ ಕೊರೆದು ಜನ ಗುಹೆಮನೆ ಮಾಡಿಕೊಂಡರು. ಜೋರು ಮಳೆ ಬಂದರೆ ಅದೇ ಮಣ್ಣು ಕೊಚ್ಚಿ ಹೋಗಿ ಆಳವಾದ ಕೊರಕಲು ಬೀಳುತ್ತದೆ. ವರ್ಷದ ಮಳೆ ಸುಮಾರು 300ರಿಂದ 400 ಮಿಲಿಮೀಟರ್. ಅದೂ ಹೆಚ್ಚಾಗಿ ಜುಲೈಯಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಎಷ್ಟೋ ಹಳ್ಳಗಳ ನೀರು ಉಪ್ಪು, ಕಹಿ.

ಹಾಗಾದರೆ ಕುಡಿಯುವುದು ಏನು? ಮಳೆ ನೀರೇ. ಅಂಗಳದಲ್ಲಿ ನೆಲದೊಳಗೆ ಒಂದು ಗುಂಡಿ ತೋಡುತ್ತಿದ್ದರು. ನಮ್ಮ ಕಡೆಯ ಹಗೇವು ನೋಡಿದವರಿಗೆ ಇದರ ಆಕಾರ ತಕ್ಷಣ ಗೊತ್ತಾಗುತ್ತದೆ. ಬಾಯಿ ಕಿರಿದು, ಹೊಟ್ಟೆ ಅಗಲ. ನಮ್ಮದರಲ್ಲಿ ಜೋಳ, ಅವರದರಲ್ಲಿ ನೀರು. ಹಳದಿ ಮಣ್ಣು ನೀರು ಹಿಡಿಯುವುದಿಲ್ಲ, ಹೀರಿಕೊಂಡು ಬಿಡುತ್ತದೆ. ಅದಕ್ಕೇ ಗುಂಡಿಯ ಗೋಡೆಗೆ ಸಾಲಾಗಿ ಸಣ್ಣ ಸಣ್ಣ ತೂತು ಕೊರೆಯುತ್ತಿದ್ದರು. ಅಂಟು ಕೆಂಪು ಮಣ್ಣನ್ನು ಚೆನ್ನಾಗಿ ನಾದಿ, ಬೆಣೆ ಮಾಡಿ ಆ ತೂತುಗಳಿಗೆ ಹೊಡೆಯುತ್ತಿದ್ದರು. ಅದರ ಮೇಲೆ ಮತ್ತೆ ಅದೇ ಮಣ್ಣು ಮೆತ್ತಿ, ಕೊಡತಿಯಿಂದ ತಟ್ಟಿ ತಟ್ಟಿ ನುಣುಪು ಮಾಡಬೇಕು. ಬೆಣೆಗಳು ಒಳಗೆ ಕಚ್ಚಿಕೊಂಡಿರುವುದರಿಂದ ಮೆತ್ತಿದ ಮಣ್ಣು ಕಳಚಿ ಬೀಳುವುದಿಲ್ಲ. ಅಂಗಳದ ನೀರು ಇಳಿಜಾರಿನಲ್ಲಿ ಹರಿದು ಗುಂಡಿಗೆ ಬರುತ್ತಿತ್ತು. ಚಳಿಗಾಲದಲ್ಲಿ ಹಿಮವನ್ನೂ ಗುಡಿಸಿ ಒಳಗೆ ಹಾಕುತ್ತಿದ್ದರು. ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಎಷ್ಟು ಗುಂಡಿ ನೀರಿದೆ ಅಂತ ನೋಡುತ್ತಿದ್ದರಂತೆ. ಆಮೇಲೆ ಸಿಮೆಂಟಿನ ಗುಂಡಿ ಬಂದವು. 2016ರಲ್ಲಿ ಲಿಯೂಪಾನ್ ತಪ್ಪಲಿನ ಜಿಂಗ್ ನದಿಯ ಮೂಲದಿಂದ ಈ ಸೀಮೆಗೆ ಕೊಳವೆ ನೀರು ತರುವ ದೊಡ್ಡ ಯೋಜನೆ ಮುಗಿದು ನೀರು ಹರಿಯತೊಡಗಿತು.

ಇಷ್ಟು ಕಷ್ಟದ ಜಾಗದಲ್ಲಿ ಹುಯಿ ಜನ ಬಂದು ನೆಲೆಸಿದ್ದು ಹೇಗೆ? ಟಾಂಗ್ ರಾಜವಂಶದ ಕಾಲದಿಂದಲೇ (7ರಿಂದ 10ನೇ ಶತಮಾನ) ರೇಷ್ಮೆ ದಾರಿಯಲ್ಲಿ ಬಂದ ಅರಬ್, ಪರ್ಷಿಯನ್ ವ್ಯಾಪಾರಿಗಳು, 13ನೇ ಶತಮಾನದಲ್ಲಿ ಮಂಗೋಲರು ಕರೆತಂದ ಮಧ್ಯ ಏಷ್ಯಾದ ಸೈನಿಕರು, ಕುಶಲಕರ್ಮಿಗಳು ಇವರ ಪೂರ್ವಿಕರು. ಸ್ಥಳೀಯರ ಜೊತೆ ಮದುವೆ ಸಂಬಂಧ ಬೆಳೆದು, ಮಾತು ಚೀನೀ ಆಯಿತು, ಧರ್ಮ ಇಸ್ಲಾಮ್ ಆಗಿಯೇ ಉಳಿಯಿತು. ಯೆಮನ್‌ನಲ್ಲಿ ಓದಿ ಬಂದ ಮಾ ಮಿಂಗ್ಶಿನ್ ಎಂಬ ಗುರು ಜಹ್ರಿಯಾ ಎಂಬ ಸೂಫಿ ಪಂಥ ಕಟ್ಟಿದರು. 1781ರಲ್ಲಿ ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಆಡಳಿತ ಅವರನ್ನು ಲಾನ್‌ಝೋ ನಗರದಲ್ಲಿ ಕೊಲ್ಲಿಸಿತು. 1862ರಲ್ಲಿ ವಾಯವ್ಯ ಚೀನಾದಲ್ಲಿ ಹುಯಿಗಳು ದಂಗೆ ಎದ್ದರು. ದಂಗೆ ಅಡಗಿಸಿದ ದಂಡನಾಯಕ ಝುವೊ ಝೊಂಗ್‌ಟಾಂಗ್, ಉಳಿದವರನ್ನು ಫಲವತ್ತಾದ ಬಯಲಿಂದ ಎಬ್ಬಿಸಿ ಬೆಟ್ಟದ ಬಡ ನೆಲಕ್ಕೆ ಕಳಿಸಿದ. ಲಿಯೂಪಾನ್ ಪಕ್ಕದ ಇವತ್ತಿನ ಜಿಂಗ್‌ಯುವಾನ್ ಕೌಂಟಿಯಲ್ಲಿ 1871ರಲ್ಲಿ ಶಾಂಶೀಯಿಂದ ಬಂದ ಹುಯಿಗಳನ್ನು ಹಾಗೇ ಕೂರಿಸಿದರು. ಒಕ್ಕಲೆಬ್ಬಿಸಿದರೆ ಏನಾಗುತ್ತದೆ ಅನ್ನುವುದು ಅಣೆಕಟ್ಟಿನ ನೀರಲ್ಲಿ ಊರು ಕಳಕೊಂಡ ನಮ್ಮವರಿಗೂ ಗೊತ್ತು.

ಜಹ್ರಿಯಾ ಪಂಥವನ್ನು ಮತ್ತೆ ಕಟ್ಟಿ ನಿಲ್ಲಿಸಿದವರು ಮಾ ಯುವಾನ್‌ಝಾಂಗ್. ಅವರ ಕೊನೆ ಆದದ್ದು ಇದೇ ಶಾಗೋದಲ್ಲಿ. 1920ರ ಡಿಸೆಂಬರ್ 16. ರಾತ್ರಿ ಎಂಟು ಗಂಟೆ ಆಗಿತ್ತು. ಕೊರೆಯುವ ಚಳಿ, ಜನ ಎಲ್ಲ ಗುಹೆಮನೆಗಳ ಒಳಗೆ. ಆಗ ಹೈಯುವಾನ್ ಭೂಕಂಪ ಆಯಿತು. ಚೀನಾದ ದಾಖಲೆಗಳಲ್ಲಿ ಅದರ ತೀವ್ರತೆ 8.5. ನೆಲ 200 ಕಿಲೋಮೀಟರಿಗೂ ಉದ್ದಕ್ಕೆ ಬಿರಿಯಿತು. ಮಣ್ಣಿನ ಗುಡ್ಡಗಳು ಜಾರಿ ಇಡೀ ಹಳ್ಳಿಗಳನ್ನು ಮುಚ್ಚಿದವು. ಸತ್ತವರು 2 ಲಕ್ಷಕ್ಕೂ ಜಾಸ್ತಿ. ಮಾ ಯುವಾನ್‌ಝಾಂಗ್ ಗುಹೆಯೊಳಗೆ ಪ್ರಾರ್ಥನೆಯಲ್ಲಿದ್ದಾಗಲೇ ಮಣ್ಣು ಕುಸಿದು ತೀರಿಕೊಂಡರು. ಅವರು ತೀರಿಕೊಂಡ ಶಾಗೋ ಪಂಥದವರಿಗೆ ಯಾತ್ರೆಯ ಜಾಗ. ಜಾರಿದ ಗುಡ್ಡಗಳು ಹಳ್ಳಗಳಿಗೆ ಅಡ್ಡ ಬಿದ್ದು ಕೆರೆಗಳಾದವು, ಶೀಜಿಯಲ್ಲಿ ಅವು ಇವತ್ತಿಗೂ ಇವೆ. ಹೈಯುವಾನ್‌ನಲ್ಲಿ ಬಿರುಕು ನಟ್ಟನಡುವೆ ಹಾದು ಸೀಳಿದ ಒಂದು ಹಳೆಯ ವಿಲೋ ಮರ ಸೀಳಿಕೊಂಡೇ ಚಿಗುರಿದೆ. 1921ರಲ್ಲಿ ಭೂವಿಜ್ಞಾನಿ ವೆಂಗ್ ವೆನ್‌ಹಾವ್ ಮತ್ತು ಸಂಗಡಿಗರು ಇಲ್ಲಿಗೆ ಬಂದು ಮಾಡಿದ ಅಧ್ಯಯನ, ಚೀನಾದಲ್ಲಿ ಭೂಕಂಪದ ಜಾಗಕ್ಕೇ ಹೋಗಿ ಮಾಡಿದ ಮೊದಲ ವೈಜ್ಞಾನಿಕ ಅಧ್ಯಯನ. ಪುಸ್ತಕದಲ್ಲಿ ಅತಿ ದೊಡ್ಡ ಅಧ್ಯಾಯ ಇದೇ ಆಗಬೇಕು ಅನ್ನುವುದು ನಮ್ಮ ಆಸೆ. ನಾವು ಕಟ್ಟುವ ಮನೆ ಯಾವ ಮಣ್ಣಿನ ಮೇಲೆ ನಿಂತಿದೆ ಅನ್ನುವ ತಿಳುವಳಿಕೆ ಜೀವ ಉಳಿಸುವ ತಿಳುವಳಿಕೆ.

1935ರ ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ, ಲಾಂಗ್ ಮಾರ್ಚ್ ಎಂಬ ತಮ್ಮ ಸೇನೆಯ ದೀರ್ಘ ನಡಿಗೆಯ ದಾರಿಯಲ್ಲಿ ಶೀಜಿಯ ಶಾನ್‌ಜಿಯಾಜಿ ಎಂಬ ಹುಯಿ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿದ್ದ, ಅಲ್ಲಿನ ಮಸೀದಿಯ ಇಮಾಮರ ಜೊತೆ ಮಾತಾಡಿದ್ದ. ಚೀನಾದಲ್ಲಿ ಈ ಸೀಮೆಯ ಹೆಸರು ಎತ್ತಿದರೆ ಮೊದಲು ಬರುವ ಕಥೆ ಇದು. ನಮಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಆಮೇಲಿನ ಜನಜೀವನ. ಇಳಿಜಾರನ್ನು ಕಡಿದು ಮಾಡಿದ ಮೆಟ್ಟಿಲು ಹೊಲಗಳು, ಆಲೂಗಡ್ಡೆ, ಬಕ್‌ವೀಟ್ ಎಂಬ ಕಾಳು, ಅಗಸೆ. ಹುಲ್ಲು ಉಳಿಸಲು 2003ರಲ್ಲಿ ಕುರಿ ಮೇಯಿಸುವುದನ್ನೇ ನಿಂಗ್ಶಿಯಾದಲ್ಲಿ ನಿಲ್ಲಿಸಿದರು. 1983ರಿಂದ ಈಚೆಗೆ 12 ಲಕ್ಷಕ್ಕೂ ಹೆಚ್ಚು ಜನರನ್ನು ಬೆಟ್ಟದಿಂದ ಇಳಿಸಿ ನೀರಾವರಿ ಬಯಲಲ್ಲಿ ನೆಲೆ ಮಾಡಿಸಿದ್ದಾರೆ. ಗುಳೆ ಹೋಗುವವರ ಮನೆಯ ಮಕ್ಕಳೇ ನಮ್ಮ ಶಾಲೆಯಲ್ಲಿ ಹೆಚ್ಚು. ಊರು ಬಿಟ್ಟವರಿಗೆ ಏನು ಸಿಕ್ಕಿತು, ಏನು ಹೋಯಿತು ಅನ್ನುವ ಪ್ರಶ್ನೆ ಅವರಿಗೆ ಸುಮ್ನೆ ಪಾಠದ ಪ್ರಶ್ನೆಯಲ್ಲ.

ಈಗ ಖರ್ಚಿನ ಮಾತು. ಚೀನೀ ಓದಬಲ್ಲವರಿಗೆ ಅನುವಾದದ ಗೌರವಧನ ಕೊಡಬೇಕು, ಅದನ್ನು ಪುಕ್ಕಟೆ ಮಾಡಿಸಲು ನಮಗೆ ಮನಸ್ಸಿಲ್ಲ. ಭೂಪಟ ಬರೆಸಬೇಕು. ಕಾಗದ, ಅಚ್ಚು, ಹೊಲಿಗೆ ಇದೆ. ಮಕ್ಕಳೇ ಮಣ್ಣಿನಲ್ಲಿ ಶೀಜಿಯ ಗುಡ್ಡ, ಕೊರಕಲು, ನೀರಿನ ಗುಂಡಿ ಮಾಡಿಡಲು ಒಂದು ಕೋಣೆಗೆ ಚಾವಣಿ ಹಾಕಿಸಬೇಕು. ₹150 ಕೊಟ್ಟರೆ ಒಂದು ಪ್ರತಿ ಒಂದು ಸರ್ಕಾರಿ ಶಾಲೆಗೆ ಉಚಿತವಾಗಿ ಹೋಗುತ್ತದೆ. ₹2000 ಕೊಟ್ಟರೆ ಹತ್ತು ಪ್ರತಿ, ಒಂದು ಗೋಡೆ ಭೂಪಟ. ಹೂವು ಕೊಡುವ ಕಡೆ ಹೂವಿನ ಎಸಳು ಕೊಟ್ಟರೂ ಸಂತೋಷವೇ. ಹಣ ಆಗದಿದ್ದರೆ ಕಾಗದ ಕೊಡಿಸಿ, ಚಾವಣಿಯ ತಗಡು ಕೊಡಿಸಿ. ಚೀನೀ ಬಲ್ಲ ಕನ್ನಡಿಗರು ಯಾರಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ, ಅದೂ ದೊಡ್ಡ ಉಪಕಾರ.

ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಕೊಡಬಹುದು, ಟ್ರಸ್ಟ್ ಖಾತೆಗೂ ಹಾಕಬಹುದು. ಎಷ್ಟೇ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ. ಜಮಾ ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಶಾಲೆಯ ಬೋರ್ಡಿನ ಮೇಲೆ ಹಚ್ಚುತ್ತೇವೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಪುಸ್ತಕ ಮಕ್ಕಳ ಕೈಗೆ ಕೊಡಬೇಕು ಅಂತಿದ್ದೇವೆ. ಅದಕ್ಕೆ ಯುಗಾದಿಯೊಳಗೆ ನಿಮ್ಮ ನೆರವು ಬಂದರೆ ಅಚ್ಚಿಗೆ ಕೊಡಲು ಅನುಕೂಲ.

ಇಂತಿ ನಿಮ್ಮ ವಿಶ್ವಾಸಿಗಳು,
ಶಾಲಾ ಟ್ರಸ್ಟ್‌ನ ಸದಸ್ಯರು ಮತ್ತು ಶಿಕ್ಷಕರು